ವಾರಂಟಿ ಮುಗಿದ ಕಾರಿನ ಸ್ಕ್ರೀನ್ ಕಪ್ಪಾದಾಗ: ಎಸ್ಟಿಮೇಟಿಗೆ ಸಹಿ ಹಾಕುವ ಮುನ್ನ ಮಾಡಬೇಕಾದ ಕೆಲಸಗಳು

ಕಾರಿನ ವಾರಂಟಿ ಮುಗಿದು ಕೆಲವೇ ತಿಂಗಳಾಗಿದೆ, ಟಚ್‌ಸ್ಕ್ರೀನ್ ಕಪ್ಪಾಗಿದೆ, ಮೊಬೈಲ್ ಆ್ಯಪ್ ತೆರೆದರೆ ಕಾರು ಸಂಪರ್ಕದಲ್ಲಿಲ್ಲ ಎನ್ನುತ್ತದೆ, ಸರ್ವೀಸ್ ಸೆಂಟರಿನವರು ಇಡೀ ಯೂನಿಟ್ ಬದಲಿಸಬೇಕೆಂದು ದೊಡ್ಡ ಮೊತ್ತದ ಎಸ್ಟಿಮೇಟ್ ಕೊಟ್ಟಿದ್ದಾರೆ, ಈಗೇನು ಮಾಡುವುದು? ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅದಕ್ಕೆ ಕಾರಣವಿದೆ. 2019ರ ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್, ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್ ಮಾರುಕಟ್ಟೆಗೆ ಬಂದಾಗ, ಒಳಗೇ ಸಿಮ್ ಇಟ್ಟುಕೊಂಡು ಇಂಟರ್‌ನೆಟ್‌ಗೆ ಸೇರುವ ಕಾರು ಮಧ್ಯಮ ವರ್ಗದ ಮನೆಗಳಿಗೂ ತಲುಪಿತು. ಆ ಮೊದಲ ವರ್ಷಗಳಲ್ಲಿ ಕೊಂಡ ಕಾರುಗಳಲ್ಲಿ ಬಹುಪಾಲು ಈಗ ಮೂಲ ವಾರಂಟಿಯಿಂದ ಹೊರಬಂದಿವೆ, ಅವುಗಳ ಇಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಎಲೆಕ್ಟ್ರಾನಿಕ್ಸ್ ಕೈಕೊಡಲು ಆರಂಭಿಸಿದೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಭಾಗ ಕೆಟ್ಟಿದೆ ಮತ್ತು ಅದನ್ನು ಯಾವ ಪರೀಕ್ಷೆಯಿಂದ ಕಂಡುಕೊಂಡರು ಎಂಬುದು ನಿಮ್ಮ ಕೈಗೆ ಬರವಣಿಗೆಯಲ್ಲಿ ಬರುವವರೆಗೆ ಯಾವ ಭಾಗವನ್ನೂ ಬದಲಿಸಲು ಒಪ್ಪಬೇಡಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ಕೆಲವು ಹೆಸರುಗಳು

ಎಸ್ಟಿಮೇಟಿನಲ್ಲಿ ಕಾಣುವ ಪದಗಳು ಗೊತ್ತಿಲ್ಲದಿದ್ದರೆ ಪ್ರಶ್ನೆ ಕೇಳುವುದೇ ಕಷ್ಟ. ಡ್ಯಾಶ್‌ಬೋರ್ಡ್ ಮಧ್ಯದ ಸ್ಕ್ರೀನ್ ಮತ್ತು ಅದರ ಹಿಂದಿನ ಕಂಪ್ಯೂಟರನ್ನು ‘ಹೆಡ್ ಯೂನಿಟ್’ ಎನ್ನುತ್ತಾರೆ. ಸಿಮ್, ಜಿಪಿಎಸ್ ಮತ್ತು ತುರ್ತು ಕರೆಯ ಗುಂಡಿಯನ್ನು ನಿಭಾಯಿಸುವ ಪೆಟ್ಟಿಗೆಯೇ ‘ಟೆಲಿಮ್ಯಾಟಿಕ್ಸ್ ಕಂಟ್ರೋಲ್ ಯೂನಿಟ್’, ಅಂದರೆ ಟಿಸಿಯು; ಕೆಲವು ಕಾರುಗಳಲ್ಲಿ ಇದು ಹೆಡ್ ಯೂನಿಟ್ಟಿನ ಒಳಗೇ ಇರುತ್ತದೆ, ಕೆಲವದರಲ್ಲಿ ಬೇರೆಯಾಗಿರುತ್ತದೆ. ಬಾಗಿಲಿನ ಲಾಕ್, ದೀಪ, ವೈಪರ್ ಇವುಗಳನ್ನು ನಡೆಸುವುದು ‘ಬಾಡಿ ಕಂಟ್ರೋಲ್ ಮಾಡ್ಯೂಲ್’. ಇವೆಲ್ಲ ಒಂದಕ್ಕೊಂದು ಮಾತನಾಡುವ ತಂತಿಜಾಲದ ಹೆಸರು ‘ಕ್ಯಾನ್ ಬಸ್’. ಈ ಜಾಲದಲ್ಲಿ ಒಂದು ಕನೆಕ್ಟರ್ ತುಕ್ಕು ಹಿಡಿದರೂ ಆಚೆ ತುದಿಯ ಮಾಡ್ಯೂಲ್ ಸತ್ತಂತೆ ಕಾಣಬಹುದು. ಚೆನ್ನಾಗಿರುವ ಭಾಗಕ್ಕೆ ಜನ ಹಣ ಕೊಡುವುದು ಹೆಚ್ಚಾಗಿ ಈ ಕಾರಣಕ್ಕೆ.

ಇನ್ನೊಂದು ಎಚ್ಚರಿಕೆ. ಸ್ಕ್ರೀನ್ ತೊಂದರೆಯ ಜೊತೆಗೆ ಬ್ರೇಕ್, ಏರ್‌ಬ್ಯಾಗ್ ಅಥವಾ ಸ್ಟಿಯರಿಂಗ್ ದೀಪವೂ ಉರಿಯುತ್ತಿದ್ದರೆ ಈ ಮನೆಮಟ್ಟದ ಪರೀಕ್ಷೆಗಳನ್ನೆಲ್ಲ ಬಿಟ್ಟು ಕಾರನ್ನು ಟೋ ಮಾಡಿಸಿ ಕಳುಹಿಸಿ. ಹಳದಿ ಬಣ್ಣದ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ಇವೆರಡನ್ನೂ ಮುಟ್ಟಬೇಡಿ.

ಹಂತ 1: ದಾಖಲೆ ಮಾಡಿಟ್ಟುಕೊಳ್ಳಿ

ತೊಂದರೆ ಕಂಡ ದಿನವೇ ಮೊಬೈಲಿನಲ್ಲಿ ವಿಡಿಯೊ ಮಾಡಿ, ಅದರಲ್ಲಿ ಓಡೋಮೀಟರಿನ ಅಂಕಿಯೂ ಕಾಣುವಂತೆ ನೋಡಿಕೊಳ್ಳಿ. ಬಂದು ಹೋಗುವ ತೊಂದರೆಯಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಸರ್ವೀಸ್ ಸೆಂಟರಿನಲ್ಲಿ ಕಾರು ಸರಿಯಾಗಿಯೇ ವರ್ತಿಸಿ, ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದು ಕಳುಹಿಸುವುದು ಸಾಮಾನ್ಯ. ಬಿಸಿಲಿನಲ್ಲಿ ನಿಲ್ಲಿಸಿದ ಮೇಲೆ ಆಗುತ್ತದೆಯೇ, ಮಳೆಯ ಮರುದಿನ ಆಗುತ್ತದೆಯೇ, ರಸ್ತೆಯ ಹಂಪ್ ದಾಟಿದಾಗ ಆಗುತ್ತದೆಯೇ, ಇಂಜಿನ್ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಆಗುತ್ತದೆಯೇ ಎಂಬುದನ್ನು ಬರೆದಿಡಿ. ಮಳೆಯ ನಂತರದ ತೊಂದರೆ ನೀರಿನ ಸೋರಿಕೆಯ ಕಡೆಗೆ, ಹಂಪ್ ದಾಟಿದಾಗಿನ ತೊಂದರೆ ಸಡಿಲ ಕನೆಕ್ಟರಿನ ಕಡೆಗೆ, ಸ್ಟಾರ್ಟ್ ಮಾಡುವಾಗಿನ ತೊಂದರೆ ಬ್ಯಾಟರಿಯ ಕಡೆಗೆ ಬೆರಳು ತೋರಿಸುತ್ತದೆ.

ವಾರಂಟಿ ಪುಸ್ತಿಕೆ, ಕಾರು ಕೊಂಡ ಇನ್‌ವಾಯ್ಸ್, ಹಿಂದಿನ ಎಲ್ಲ ಜಾಬ್ ಕಾರ್ಡುಗಳು, ವಿಮಾ ಪಾಲಿಸಿ ಮತ್ತು 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆ, ಅಂದರೆ ಆರ್‌ಸಿಯಲ್ಲಿ ಷಾಸಿ ಸಂಖ್ಯೆ ಎಂದು ಇರುವುದು, ಇವನ್ನು ಒಂದೆಡೆ ಇಟ್ಟುಕೊಳ್ಳಿ. ಹಳೆಯ ಜಾಬ್ ಕಾರ್ಡುಗಳನ್ನು ತಾಳ್ಮೆಯಿಂದ ಓದಿ. ವಾರಂಟಿ ಇದ್ದಾಗಲೇ ‘ಸ್ಕ್ರೀನ್ ಹ್ಯಾಂಗ್ ಆಗುತ್ತಿದೆ’ ಎಂದು ನೀವು ದೂರಿದ್ದ ಒಂದು ಸಾಲು ಸಿಕ್ಕರೂ ಮುಂದಿನ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಹಂತ 2: ಅಗ್ಗದ ಕಾರಣಗಳನ್ನು ಮೊದಲು ತೆಗೆದುಹಾಕಿ

ಬ್ಯಾಟರಿಯಿಂದ ಆರಂಭಿಸಿ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಕಾರು ಕೆಲವು ಗಂಟೆ ನಿಂತಿದ್ದ ಮೇಲೆ, ಇಂಜಿನ್ ಆಫ್ ಇರುವಾಗ, ತುಂಬಿದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅದು ಅರ್ಧದಷ್ಟು ಮಾತ್ರ ತುಂಬಿದೆ ಎಂದು ತಿಳಿಯಿರಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.7ರಿಂದ 14.7ರ ನಡುವೆ ಇರುತ್ತದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ ತೀರ ಕುಸಿದರೆ ಹೆಡ್ ಯೂನಿಟ್ ಮಧ್ಯದಲ್ಲೇ ಮತ್ತೆ ಬೂಟ್ ಆಗುತ್ತದೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಎಚ್ಚರಿಕೆ ದೀಪಗಳು ಒಟ್ಟಿಗೆ ಉರಿಯುತ್ತವೆ. ನಾಲ್ಕೈದು ವರ್ಷ ಹಳೆಯ ಬ್ಯಾಟರಿಯ ಕಾರಿನಲ್ಲಿ ಹೀಗಾದರೆ ಬ್ಯಾಟರಿಯ ಲೋಡ್ ಟೆಸ್ಟ್ ಮಾಡಿಸದೆ ಮುಂದೆ ಹೋಗಬೇಡಿ. ಎಲೆಕ್ಟ್ರಿಕ್ ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ: ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕ 12 ವೋಲ್ಟಿನ ಬ್ಯಾಟರಿ ಸತ್ತರೆ ಇಡೀ ಕಾರು ಏಳುವುದಿಲ್ಲ.

ಬ್ಯಾಟರಿ ಹೊಸದಾಗಿದ್ದರೂ ನಿಂತಲ್ಲೇ ಖಾಲಿಯಾಗುತ್ತಿದ್ದರೆ ಅನುಮಾನ ಟಿಸಿಯು ಮೇಲೆ ಹೋಗಬೇಕು. ಕಾರು ಲಾಕ್ ಆಗಿ ಅರ್ಧ ಗಂಟೆ ಕಳೆದ ಮೇಲೆ ಎಲ್ಲ ಮಾಡ್ಯೂಲ್‌ಗಳೂ ಮಲಗಬೇಕು, ಆಗ ಎಳೆಯುವ ವಿದ್ಯುತ್ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಡಿಮೆ ಇರಬೇಕು. ಕೆಟ್ಟ ಟಿಸಿಯು ಮಲಗದೆ ನೆಟ್‌ವರ್ಕ್ ಹುಡುಕುತ್ತಲೇ ಇರುತ್ತದೆ. ಅದು ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಗಂಟೆ ಖರ್ಚಾಗುತ್ತದೆ, 45 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನವೂ ತಡೆಯುವುದಿಲ್ಲ. ಈ ಅಳತೆಯನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಂದ ಮಾಡಿಸಿ.

ನಂತರ ಫ್ಯೂಸ್. ಕಾರಿನ ಕೈಪಿಡಿಯಲ್ಲಿರುವ ನಕ್ಷೆ ನೋಡಿ ಆಡಿಯೊ ಮತ್ತು ಟೆಲಿಮ್ಯಾಟಿಕ್ಸ್ ಫ್ಯೂಸುಗಳನ್ನು ಪರೀಕ್ಷಿಸಿ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ದಾರಿ. ಫ್ಯೂಸ್ ಚೆನ್ನಾಗಿದ್ದರೂ ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕುವುದು ಒಳ್ಳೆಯ ರೀಸೆಟ್ ವಿಧಾನ. ಇಡೀ ಬ್ಯಾಟರಿಯನ್ನೇ ಕಳಚುವುದಾದರೆ ಕಿಟಕಿಯ ಆಟೋ ವ್ಯವಸ್ಥೆಯಂಥವನ್ನು ಮತ್ತೆ ಹೊಂದಿಸಬೇಕಾಗಬಹುದು, ಕೆಲವು ಆಡಿಯೊ ಯೂನಿಟ್‌ಗಳು ಪಿನ್ ಕೇಳಬಹುದು ಎಂಬುದು ನೆನಪಿರಲಿ.

ಮೂರನೆಯದು ನೀರು. ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದನ್ನು ಕಡೆಗಣಿಸುವಂತಿಲ್ಲ. ಸನ್‌ರೂಫ್ ಇರುವ ಕಾರುಗಳಲ್ಲಿ ಮಳೆನೀರು ಹೊರಹೋಗಲು ಮೂಲೆಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆ, ಧೂಳು ತುಂಬಿ ಅವು ಕಟ್ಟಿಕೊಂಡರೆ ನೀರು ಮುಂಗಂಬದ ಒಳಗಿಂದ ಇಳಿದು ಡ್ಯಾಶ್‌ಬೋರ್ಡಿನ ಕನೆಕ್ಟರ್‌ಗಳಿಗೂ ಕಾರ್ಪೆಟ್ಟಿನ ಕೆಳಗಿನ ವೈರಿಂಗಿಗೂ ಸೇರುತ್ತದೆ. ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಾಗಿದ್ದರೆ, ಸೋರಿಕೆ ನಿಲ್ಲಿಸದೆ ಹಾಕಿದ ಹೊಸ ಮಾಡ್ಯೂಲ್ ಮುಂದಿನ ಮಳೆಗಾಲಕ್ಕೆ ಮತ್ತೆ ಹೋಗುತ್ತದೆ. ಇಲಿ ಕಡಿದ ವೈರುಗಳನ್ನೂ ಇದೇ ಹೊತ್ತಿನಲ್ಲಿ ಹುಡುಕಿ.

ಹಂತ 3: ಕೆಟ್ಟಿರುವುದು ಕಾರೋ, ಸೇವೆಯೋ?

ಸ್ಕ್ರೀನ್ ಸರಿಯಾಗಿದ್ದು ಆ್ಯಪ್ ಮಾತ್ರ ಕೆಲಸ ಮಾಡದಿದ್ದರೆ ಮೊದಲು ಚಂದಾ ಅವಧಿ ನೋಡಿ. ಹಲವು ಕಂಪನಿಗಳ ಉಚಿತ ಸಂಪರ್ಕ ಸೇವೆ ಮೂರು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಹಣ ಕೊಟ್ಟು ನವೀಕರಿಸಬೇಕು. ಹಳೆಯ ಕಾರು ಕೊಂಡವರಾದರೆ ಮೊದಲ ಮಾಲೀಕರು ಆ್ಯಪ್‌ನಿಂದ ಕಾರನ್ನು ತೆಗೆದಿದ್ದಾರೆಯೇ, ಸಿಮ್‌ನ ಕೆವೈಸಿ ನಿಮ್ಮ ಹೆಸರಿಗೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಾರನ್ನು ತೆರೆದ ಬಯಲಿಗೆ ಒಯ್ದು ಇಪ್ಪತ್ತು ನಿಮಿಷ ಓಡಿಸಿ ನೋಡುವುದೂ ಪರೀಕ್ಷೆಯೇ, ಏಕೆಂದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ಸಿಗ್ನಲ್ ಸಿಗುವುದಿಲ್ಲ. ಇದು ಸರಿಹೋದರೆ ನಿಮ್ಮ ಖರ್ಚು ಚಂದಾ ಹಣಕ್ಕೆ ನಿಲ್ಲುತ್ತದೆ.

ಹಂತ 4: ಸರಿಯಾದ ಡಯಾಗ್ನಸಿಸ್ ಕೇಳಿ ಪಡೆಯಿರಿ

ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಹಚ್ಚಿದಾಗ ಕಾರು ದೋಷ ಸಂಕೇತಗಳನ್ನು ಕೊಡುತ್ತದೆ. ಪಿ ಎಂದು ಆರಂಭವಾದರೆ ಇಂಜಿನ್ ಮತ್ತು ಗೇರ್, ಬಿ ಎಂದರೆ ಬಾಡಿ, ಸಿ ಎಂದರೆ ಷಾಸಿ, ಯು ಎಂದರೆ ಮಾಡ್ಯೂಲ್‌ಗಳ ನಡುವಿನ ಸಂವಹನ. ನಮ್ಮ ವಿಷಯಕ್ಕೆ ಯು ಸಂಕೇತಗಳೇ ಮುಖ್ಯ: ಯು0184 ಎಂದರೆ ರೇಡಿಯೊ ಯೂನಿಟ್ಟಿನ ಸಂಪರ್ಕ ತಪ್ಪಿದೆ, ಯು0198 ಎಂದರೆ ಟೆಲಿಮ್ಯಾಟಿಕ್ಸ್ ಯೂನಿಟ್ಟಿನ ಸಂಪರ್ಕ ತಪ್ಪಿದೆ. ಗಮನಿಸಿ, ಸಂಪರ್ಕ ತಪ್ಪಿದೆ ಎಂಬುದಷ್ಟೇ ಇದರ ಅರ್ಥ, ಆ ಯೂನಿಟ್ ಸತ್ತಿದೆ ಎಂದಲ್ಲ. ಅದಕ್ಕೆ ವಿದ್ಯುತ್ ತಲುಪುತ್ತಿದೆಯೇ, ಅರ್ಥಿಂಗ್ ಸರಿಯಿದೆಯೇ, ಕ್ಯಾನ್ ತಂತಿಗಳು ಅಖಂಡವಾಗಿವೆಯೇ ಎಂಬ ಮೂರೂ ಪರೀಕ್ಷೆಗಳಾದ ಮೇಲೆಯೇ ಯೂನಿಟ್ಟನ್ನು ದೂರಬೇಕು.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಹೆಚ್ಚಾಗಿ ಇಂಜಿನ್ನಿನ ಸಂಕೇತಗಳನ್ನಷ್ಟೇ ಓದುತ್ತವೆ. ಅದರಲ್ಲಿ ಏನೂ ಕಾಣಲಿಲ್ಲವೆಂದರೆ ದೋಷವಿಲ್ಲವೆಂದಲ್ಲ, ಎಲ್ಲ ಮಾಡ್ಯೂಲ್‌ಗಳನ್ನೂ ಓದುವ ಸ್ಕ್ಯಾನರ್ ಇರುವಲ್ಲಿ ಪೂರ್ಣ ವರದಿ ತೆಗೆಸಿ. ಡಯಾಗ್ನಸಿಸ್ ಶುಲ್ಕ ಕೊಡಲು ಹಿಂಜರಿಯಬೇಡಿ, ಆದರೆ ವರದಿಯ ಮುದ್ರಿತ ಪ್ರತಿ ಬೇಕೆಂದು ಮೊದಲೇ ಹೇಳಿ. ಸಂಕೇತಗಳನ್ನು ಅಳಿಸುವ ಮುನ್ನವೇ ಆ ಪ್ರತಿ ನಿಮ್ಮ ಕೈಗೆ ಬರಬೇಕು. ಹೆಡ್ ಯೂನಿಟ್ಟಿಗೆ ಬಾಕಿ ಇರುವ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಎಂದೂ ಕೇಳಿ. ಅಪ್‌ಡೇಟ್ ನಡೆಯುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟಿರಬೇಕು. ಮಧ್ಯದಲ್ಲಿ ವಿದ್ಯುತ್ ಕಡಿತವಾದರೆ ಚೆನ್ನಾಗಿದ್ದ ಯೂನಿಟ್ಟೂ ಕೆಡಬಹುದು.

ಹಂತ 5: ‘ವಾರಂಟಿ ಮುಗಿದಿದೆ’ ಎಂಬಲ್ಲಿಗೆ ನಿಲ್ಲಬೇಡಿ

ಪುಸ್ತಿಕೆಯಲ್ಲಿ ಆಡಿಯೊ ವ್ಯವಸ್ಥೆಗೆ, ಬ್ಯಾಟರಿಗೆ, ಬದಲಿಸಿದ ಬಿಡಿಭಾಗಕ್ಕೆ ಬೇರೆ ಬೇರೆ ಅವಧಿ ಬರೆದಿರಬಹುದು. ಅದೇ ಭಾಗವನ್ನು ಹಿಂದೆ ಹಣ ಕೊಟ್ಟು ಬದಲಿಸಿದ್ದರೆ ಆ ಬಿಲ್ಲಿನ ದಿನಾಂಕದಿಂದ ಅದಕ್ಕೇ ಪ್ರತ್ಯೇಕ ವಾರಂಟಿ ಇರುವ ಸಾಧ್ಯತೆ ಹೆಚ್ಚು. ವಿಸ್ತರಿತ ವಾರಂಟಿ ಕೊಂಡಿದ್ದರೆ ಅದರ ಹೊರಗಿಟ್ಟ ಭಾಗಗಳ ಪಟ್ಟಿ ಓದಿ.

ನಂತರ ರೀಕಾಲ್, ಅಂದರೆ ತಯಾರಿಕೆಯ ದೋಷಕ್ಕಾಗಿ ಕಂಪನಿಯೇ ಕಾರುಗಳನ್ನು ಹಿಂದಕ್ಕೆ ಕರೆದು ಉಚಿತವಾಗಿ ಸರಿಪಡಿಸುವ ಕ್ರಮ. ನಿಮ್ಮ ವಿನ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ, ವಾಹನ ತಯಾರಕರ ಸಂಘವಾದ ಸಿಯಾಮ್‌ನ ರೀಕಾಲ್ ಪಟ್ಟಿಯನ್ನೂ ನೋಡಿ. ರೀಕಾಲ್ ಆಗಿದ್ದರೆ ವಾರಂಟಿ ಮುಗಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಸೆಕ್ಷನ್ ದೋಷಪೂರ್ಣ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ಮಾಲೀಕರು ವಾಹನ್ ಪೋರ್ಟಲ್ಲಿನಲ್ಲಿ ದೂರು ದಾಖಲಿಸಬಹುದು. ದೂರುಗಳು ಒಂದು ಮಿತಿ ದಾಟಿದಾಗಲೇ ಕ್ರಮ ಆರಂಭವಾಗುವುದರಿಂದ, ನಿಮಗೊಬ್ಬರಿಗೆ ತಕ್ಷಣ ಫಲ ಸಿಗದಿದ್ದರೂ ದೂರು ಸಲ್ಲಿಸುವುದು ಅದೇ ಮಾದರಿಯ ಕಾರಿರುವ ಎಲ್ಲರಿಗೂ ಉಪಕಾರ.

ಎಲೆಕ್ಟ್ರಾನಿಕ್ಸ್ ಬರಿಯ ಮನರಂಜನೆ ಎಂಬ ವಾದವನ್ನು ಒಪ್ಪಬೇಕಿಲ್ಲ ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. ಟೆಸ್ಲಾದ ಹಳೆಯ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ಸ್ಕ್ರೀನ್ ಕಂಪ್ಯೂಟರಿನಲ್ಲಿ 8 ಜಿಬಿಯ ಫ್ಲ್ಯಾಶ್ ಮೆಮೊರಿ ಚಿಪ್ ಇತ್ತು. ಇಂಥ ಚಿಪ್ಪಿನಲ್ಲಿ ಬರೆದು ಅಳಿಸುವ ಸಂಖ್ಯೆಗೆ ಮಿತಿಯಿರುತ್ತದೆ, ಕಾರು ದಿನವೂ ದಾಖಲೆ ಬರೆಯುತ್ತಲೇ ಇದ್ದುದರಿಂದ ಚಿಪ್ ಸವೆದು ಸ್ಕ್ರೀನ್ ಸಾಯುತ್ತಿತ್ತು. ಸ್ಕ್ರೀನ್ ಹೋದರೆ ಹಿಂಬದಿಯ ಕ್ಯಾಮೆರಾ ಚಿತ್ರವೂ ಹೋಗುತ್ತದೆ, ಆದ್ದರಿಂದ ಇದು ಸುರಕ್ಷತೆಯ ಪ್ರಶ್ನೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಹಿಡಿದಾಗ, 2021ರ ಆರಂಭದಲ್ಲಿ ಸುಮಾರು 1,35,000 ಕಾರುಗಳ ರೀಕಾಲ್ ಆಯಿತು. ನಮ್ಮಲ್ಲೂ 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ರಿವರ್ಸ್ ಪಾರ್ಕಿಂಗ್ ಎಚ್ಚರಿಕೆ ಕಡ್ಡಾಯ. ನಿಮ್ಮ ಕಾರಿನಲ್ಲಿ ಆ ಎಚ್ಚರಿಕೆ ಹೆಡ್ ಯೂನಿಟ್ಟಿನ ಮೂಲಕವೇ ಬರುತ್ತಿದ್ದು ಅದೂ ನಿಂತಿದ್ದರೆ, ಕಂಪನಿಗೆ ಬರೆಯುವ ಪತ್ರದಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಿರಿ.

ಇನ್ನು ‘ಗುಡ್‌ವಿಲ್’ ಕೋರಿಕೆ: ವಾರಂಟಿ ಮುಗಿದಿದ್ದರೂ ಕಂಪನಿ ವೆಚ್ಚದ ಒಂದು ಪಾಲನ್ನು ತಾನೇ ಭರಿಸುವ ಪದ್ಧತಿ. ಇದು ಹಕ್ಕಲ್ಲ, ಆದರೂ ಕೇಳಿದವರಿಗೆ ಸಿಗುವುದುಂಟು. ಡೀಲರ್ ಬಳಿ ಬಾಯಿಮಾತಿನಲ್ಲಿ ಕೇಳಬೇಡಿ, ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಬರೆಯಿರಿ. ಎಲ್ಲ ಸರ್ವೀಸುಗಳೂ ಅಧಿಕೃತ ಕೇಂದ್ರದಲ್ಲೇ ಆಗಿರುವುದು, ವಾರಂಟಿ ಮುಗಿದು ಎಷ್ಟು ದಿನವಾಯಿತು, ಕಿಲೋಮೀಟರ್ ಎಷ್ಟು ಎಂಬುದನ್ನು ಹೇಳಿ, ಡಯಾಗ್ನಸಿಸ್ ವರದಿ ಲಗತ್ತಿಸಿ, ಬಿಡಿಭಾಗದ ಬೆಲೆಯಲ್ಲಿ ಶೇಕಡಾ ಎಷ್ಟನ್ನು ಭರಿಸಬೇಕೆಂದು ನಿಖರವಾಗಿ ಕೇಳಿ. ದುರಸ್ತಿ ಮುಗಿಸಿ ಹಣ ಕೊಟ್ಟ ಮೇಲೆ ಇಂಥ ಕೋರಿಕೆಗೆ ಬೆಲೆ ತೀರ ಕಡಿಮೆ.

ಹಂತ 6: ಎಸ್ಟಿಮೇಟ್ ಮತ್ತು ಆಯ್ಕೆಗಳು

ಬಿಡಿಭಾಗದ ಸಂಖ್ಯೆ, ಅದರ ಬೆಲೆ, ಕೂಲಿ, ಕೋಡಿಂಗ್ (ಯೂನಿಟ್ಟನ್ನು ಸಾಫ್ಟ್‌ವೇರ್ ಮೂಲಕ ನಿಮ್ಮ ಕಾರಿಗೆ ಹೊಂದಿಸುವ ಕೆಲಸ) ಶುಲ್ಕ ಮತ್ತು ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿರಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 18 ಆಗಿದೆ, ಹಿಂದೆ ಹಲವದಕ್ಕೆ 28 ಇತ್ತು. ಹಳೆಯ ದರಪಟ್ಟಿಯ ಎಸ್ಟಿಮೇಟ್ ಬಂದರೆ ಪ್ರಶ್ನಿಸಿ.

ಹೊಸ ಯೂನಿಟ್ ಹಾಕಿಸುವುದು ಒಂದೇ ದಾರಿಯಲ್ಲ. ಮೆಮೊರಿ ಚಿಪ್, ಟಚ್ ಗಾಜು, ರಿಬ್ಬನ್ ಕೇಬಲ್, ಬ್ಯಾಕ್‌ಲೈಟ್ ಇವುಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಬೋರ್ಡ್ ಮಟ್ಟದ ದುರಸ್ತಿ ಮಾಡುವ ಪರಿಣತರು ಅದನ್ನಷ್ಟೇ ಬದಲಿಸಬಲ್ಲರು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತ ಕಾರಿನ ಬಿಡಿಭಾಗ ಮತ್ತು ಆಡಿಯೊ ಕೆಲಸದ ಅಂಗಡಿಗಳು ಸಾಲಾಗಿವೆ. ಅಂಥಲ್ಲಿಗೆ ಹೋದಾಗ ಇದೇ ಮಾದರಿಯ ಯೂನಿಟ್ ದುರಸ್ತಿ ಮಾಡಿದ್ದೀರಾ, ಕೆಲಸಕ್ಕೆ ಎಷ್ಟು ತಿಂಗಳ ಗ್ಯಾರಂಟಿ, ಬಿಲ್ ಕೊಡುತ್ತೀರಾ ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಮುಂದಿನ ಅಂಗಡಿಗೆ ಹೋಗಿ. ನನ್ನ ಅಭಿಪ್ರಾಯದಲ್ಲಿ ಹೆಡ್ ಯೂನಿಟ್ಟಿಗೆ ಇದು ಉತ್ತಮ ಆಯ್ಕೆ. ಏರ್‌ಬ್ಯಾಗ್, ಬ್ರೇಕ್ ಮಾಡ್ಯೂಲ್‌ಗಳಿಗೆ ಖಂಡಿತ ಅಲ್ಲ.

ಗುಜರಿಯಿಂದ ಬಂದ ಹಳೆಯ ಯೂನಿಟ್ಟಿನ ವಿಷಯದಲ್ಲಿ ಎಚ್ಚರ. ಕಳ್ಳತನ ತಡೆಯಲು ಹಲವು ಕಂಪನಿಗಳು ಯೂನಿಟ್ಟನ್ನು ಕಾರಿನ ವಿನ್ ಸಂಖ್ಯೆಗೆ ಬೆಸೆದಿರುತ್ತವೆ. ಫೋಕ್ಸ್‌ವ್ಯಾಗನ್ ಸಮೂಹದ ಹಲವು ಕಾರುಗಳಲ್ಲಿ ಬೇರೆ ಕಾರಿನ ಯೂನಿಟ್ ಹಾಕಿದರೆ ಕಂಪನಿಯ ಸರ್ವರ್ ಮೂಲಕ ಬಿಡುಗಡೆ ಮಾಡಿಸುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೋಡಿಂಗ್ ಮಾಡಿಕೊಡುವವರು ಯಾರೆಂದು ಖಚಿತವಾಗದೆ ಹಣ ಕೊಡಬೇಡಿ. ಹೊರಗಿನ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸುವುದು ಅಗ್ಗವಾದರೂ, ಎಸಿ ಮತ್ತು ಕಾರಿನ ಸೆಟ್ಟಿಂಗ್‌ಗಳು ಮೂಲ ಸ್ಕ್ರೀನಿನಲ್ಲೇ ಇರುವ ಕಾರುಗಳಿಗೆ ಅದು ಹೊಂದುವುದಿಲ್ಲ.

ಹೊರಗೆ ದುರಸ್ತಿ ಮಾಡಿಸಿದರೆ ಉಳಿದ ವಾರಂಟಿಯೆಲ್ಲ ರದ್ದಾಗುತ್ತದೆ ಎಂದು ಹೆದರಿಸುವವರಿದ್ದಾರೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿದ ಆದೇಶದಲ್ಲಿ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು, ಆ ದುರಸ್ತಿಯಿಂದಲೇ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಹೇಳಿತ್ತು. ಆ ಆದೇಶವನ್ನು ಕಂಪನಿಗಳು ಮೇಲ್ಮನವಿಯಲ್ಲಿ ಪ್ರಶ್ನಿಸಿದ್ದು ನಿಜ, ಆದರೂ ಪತ್ರ ಬರೆಯುವಾಗ ಉಲ್ಲೇಖಿಸಲು ಇದು ಬಲವಾದ ಆಧಾರ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಆರಂಭಿಸಿದ ‘ರೈಟ್ ಟು ರಿಪೇರ್’ ಪೋರ್ಟಲ್ಲಿನಲ್ಲಿ ವಾಹನ ಕ್ಷೇತ್ರವೂ ಇದೆ.

ಹಂತ 7: ವಿಮೆ

ಸವೆತ ಮತ್ತು ವಿದ್ಯುತ್ ದೋಷದಿಂದ ತಾನಾಗಿ ಕೆಟ್ಟದ್ದಕ್ಕೆ ಸಾಮಾನ್ಯ ಮೋಟಾರು ಪಾಲಿಸಿ ಹಣ ಕೊಡುವುದಿಲ್ಲ. ಪ್ರವಾಹ, ಬೆಂಕಿ, ಅಪಘಾತದಿಂದಾದರೆ ಕೊಡುತ್ತದೆ, ಇಲಿ ಕಡಿತಕ್ಕೆ ಪಾಲಿಸಿಯ ಷರತ್ತು ನೋಡಬೇಕು. ಸರ್ವೇಯರ್ ನೋಡುವ ಮುನ್ನ ಏನನ್ನೂ ಬಿಚ್ಚಿಸಬೇಡಿ. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50, ನಾಲ್ಕರಿಂದ ಐದು ವರ್ಷದ ಕಾರಿನ ಇತರ ಭಾಗಗಳಿಗೆ ಶೇಕಡಾ 35 ಕಡಿತವಾಗುತ್ತದೆ.

ಹಂತ 8: ಕಾರು ಕೊಡುವಾಗ, ತರುವಾಗ

ಯೂನಿಟ್ಟಿನಲ್ಲಿ ನಿಮ್ಮ ಫೋನ್ ಸಂಪರ್ಕಗಳು, ಮನೆಯ ವಿಳಾಸ, ಓಡಾಡಿದ ಜಾಗಗಳು ಇರುತ್ತವೆ. ಸ್ಕ್ರೀನ್ ಸ್ವಲ್ಪವಾದರೂ ಕೆಲಸ ಮಾಡುತ್ತಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಿ. ಬದಲಿಸಿದ ಹಳೆಯ ಭಾಗ ನಿಮಗೇ ಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆಸಿ. ತರುವಾಗ ಕ್ಯಾಮೆರಾ, ಮೈಕ್, ಜಿಪಿಎಸ್, ಆ್ಯಪ್‌ನಿಂದ ಲಾಕ್ ಎಲ್ಲವನ್ನೂ ಅಲ್ಲೇ ಪರೀಕ್ಷಿಸಿ, ಹೊಸ ಭಾಗದ ವಾರಂಟಿ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಂತ 9: ದೂರು

ಪತ್ರಗಳಿಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡಬಹುದು. ಅದು ಶುಲ್ಕವಿಲ್ಲದ ಮಧ್ಯಸ್ಥಿಕೆ, ತೀರ್ಪಲ್ಲ. ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, 2025ರ ಜನವರಿ 1ರಿಂದ ಇ-ಜಾಗೃತಿ ಪೋರ್ಟಲ್ ಮೂಲಕ ಆನ್‌ಲೈನಿನಲ್ಲೂ ಸಲ್ಲಿಸಬಹುದು. ನೀವು ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಕಂಪನಿಯೊಂದಿಗಿನ ಇ-ಮೇಲ್ ಓಡಾಟದಲ್ಲೇ ಈ ಅವಧಿ ಕಳೆದುಕೊಳ್ಳುವುದು ತೀರ ಸಾಮಾನ್ಯವಾದ ತಪ್ಪು.

ನಿಮ್ಮ ವಾದ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ತಿಳಿದಿರಿ. ವಾರಂಟಿ ಮುಗಿದ ಮೇಲೆ ಮೊದಲ ಬಾರಿಗೆ ಕೆಟ್ಟಿತು ಎಂಬಷ್ಟೇ ಇದ್ದರೆ ಗೆಲ್ಲುವುದು ಕಷ್ಟ. ವಾರಂಟಿಯ ಅವಧಿಯಲ್ಲೇ ದೂರು ಆರಂಭವಾಗಿದ್ದರೆ, ಹಣ ಪಡೆದು ಮಾಡಿದ ದುರಸ್ತಿಯೇ ನಿಲ್ಲದಿದ್ದರೆ, ಅಥವಾ ಕೆಡದ ಭಾಗವನ್ನು ಬದಲಿಸಿದ್ದರೆ ನಿಮ್ಮ ಸ್ಥಾನ ಗಟ್ಟಿ. ಇಂಥ ಪ್ರಕರಣಗಳಲ್ಲಿ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಬಹುದು, ಆದ್ದರಿಂದ ವಾಪಸ್ ಪಡೆದ ಹಳೆಯ ಯೂನಿಟ್ಟನ್ನು ಬಿಚ್ಚದೆ, ಯಾರಿಗೂ ಮಾರದೆ, ಅದರ ಮೇಲಿನ ಕ್ರಮಸಂಖ್ಯೆಯ ಫೋಟೊ ತೆಗೆದು, ಒಣ ಜಾಗದಲ್ಲಿ ಭದ್ರವಾಗಿ ಇಟ್ಟಿರಿ.